ಬದುಕಿದ್ದವಳ ಹೆಸರು ಅಶುಭ

ಘಾಟಬೋರಾಳದ ತುಳಜಾರಾಮನ ಮನೆಯಲ್ಲಿ ಶಕುನ ನೋಡದೆ ಎಮ್ಮೆಗೂ ಹುಲ್ಲು ಹಾಕುತ್ತಿರಲಿಲ್ಲ. ಅಂಥ ಮನೆಯ ಸೊಸೆ ಸುಗಂಧಾ ಒಂದು ಮಧ್ಯಾಹ್ನ ತೊಗರಿಬೇಳೆ ಹಸನು ಮಾಡುತ್ತ, ಲಾರಿ ಓಡಿಸುವ ಗಂಡ ದತ್ತಾತ್ರಿಗೆ ಹೇಳಿದಳು: "ನಿಮ್ಮ ವಿಮಾದ ರೊಕ್ಕಕ್ಕ ಇನ್ನಾ ನಿಮ್ಮ ಅಜ್ಜಿ ಹೆಸರೇ ಅದರಿ. ಆಕಿ ತೀರಿ ಹೋಗ್ಯಾಳ. ನನ್ನ ಹೆಸರರೆ ಹಾಕ್ರಿ, ಮಗಳದರೆ ಹಾಕ್ರಿ."

ಪಡಸಾಲೆಯಲ್ಲಿದ್ದ ಮಾವನ ಕಿವಿಗೆ ಅದು ಬಿತ್ತು. "ಬದುಕಿರೋ ಗಂಡನ ಸಾವಿನ ರೊಕ್ಕಕ್ಕ ಹೆಸರು ಬರಸ್ತಾಳಂತ! ಥೂ! ಇಂಥ ಮಾತಿಗೇ ಯಮ ಬಾಗಲಿಗಿ ಬರ್ತಾನ."

ದತ್ತಾತ್ರಿ ತಲೆ ತಗ್ಗಿಸಿದ. ಅಪ್ಪನೆದುರು ಅವನು ತಲೆ ಎತ್ತಿದ್ದಾದರೂ ಯಾವಾಗ? ಸತ್ತ ಮುದುಕಿಯ ಹೆಸರು ಶುಭ, ಬದುಕಿದ್ದವಳ ಹೆಸರು ಅಶುಭ ಎಂದು ಅಲ್ಲಿಗೆ ತೀರ್ಮಾನವಾಯಿತು.

ಯಮನಿಗೆ ಕರೆಯೋಲೆ ಬೇಕಿರಲಿಲ್ಲ. ಶ್ರಾವಣದಲ್ಲಿ ಹೆದ್ದಾರಿಯ ಮೇಲೆ ಲಾರಿ ಮಗುಚಿ ದತ್ತಾತ್ರಿ ಸತ್ತ. "ಸಾವಿನ ಮಾತು ಎತ್ತಿದಾಕಿ ಈಕೀನೇ!" ಎಂದು ಮಾವ ಹೆಣದ ಮುಂದೆಯೇ ಸೊಸೆಯತ್ತ ಬೆರಳು ತೋರಿಸಿದ. ಕೂತ ಹಿರಿಯರೆಲ್ಲ ಹೌದೌದೆಂದು ಚಹಾ ಹೀರಿದರು. ಸುಗಂಧಾಳಿಗೆ ಅಳುವಿಗಿಂತ ಮೊದಲು ಹೇಸಿಗೆ ಬಂತು.

ತಿಂಗಳು ತುಂಬುವುದರೊಳಗೆ ತುಳಜಾರಾಮನಿಗೆ ಆ ಅಶುಭ ರೊಕ್ಕ ನೆನಪಾಯಿತು. ಹೆಂಡತಿ ರುಕ್ಮಾಬಾಯಿಯನ್ನೂ, ಪುಟ್ಟ ಮಗಳು ಮಯೂರಿಯನ್ನು ಎತ್ತಿಕೊಂಡ ಸೊಸೆಯನ್ನೂ ಹೊರಡಿಸಿಕೊಂಡು ಹುಮನಾಬಾದಿನ ವಕೀಲ ಶಂಕರಲಿಂಗರ ಬಳಿ ಹೋದ.

"ಮನೀ ಯಜಮಾನ ನಾನು. ನನಗೇ ಬರಬೇಕಲ್ರಿ?"

"ಇಲ್ರಿ," ಎಂದರು ವಕೀಲರು. "ಹೆಸರು ಇದ್ದಾಕಿ ಸತ್ತಾಳ, ಬ್ಯಾರೆ ಹೆಸರಿಲ್ಲ. ಅಂದ ಮ್ಯಾಲ ವಾರಸದಾರರಿಗಿ ಹೋಗ್ತದ. ಹೆಂಡ್ತಿ, ಮಗಳು, ತಾಯಿ, ಮೂವರಿಗಿ ಸಮಪಾಲು. ಅವರು ಇರೋತನಕ ತಂದಿಗಿ ಏನೂ ಇಲ್ಲ. ಅದಕ್ಕೂ ಕೋರ್ಟಿಗಿ ಓಡಾಡಬೇಕು. ಆವಾಗೇ ಹೆಸರು ಬದಲಿಸಿದ್ರ ಈ ತ್ರಾಸ ಇರ್ತಿರಲಿಲ್ಲ."

ತುಳಜಾರಾಮ ಮೇಜಿನ ಮೇಲಿದ್ದ ಪೆನ್ನನ್ನು ಸೊಸೆಯ ಮುಂದೆ ತಳ್ಳಿದ. "ಹಂಗಾದ್ರ ಇಬ್ರೂ ನನಗ ಬಿಟ್ಟುಕೊಟ್ಟೀವಂತ ಬರದುಕೊಡ್ತಾರ. ಏ ಸುಗಂಧಾ, ಸಹಿ ಮಾಡು."

"ಮಾಡಂಗಿಲ್ರಿ ಮಾವ. ಹೆಸರು ಬರಸಿದ್ರ ಪಾಪ, ರೊಕ್ಕ ಉಂಡ್ರ ಪುಣ್ಯ ಏನ್ರಿ? ನನ್ನ ಮಗಳು ಸಾಲಿ ಕಲೀಬೇಕು."

"ಮನೀ ಬಿಟ್ಟು ಹೋಗು ಹಂಗಾದ್ರ!"

"ಹೊಂಟೀನ್ರಿ. ಬಸವಕಲ್ಯಾಣದಾಗ ತವರು ಅದ, ಹೊಲಿಗಿ ಬರ್ತದ."

ಅವನು ಹೆಂಡತಿಯತ್ತ ತಿರುಗಿದ. "ನೀನರೆ ಹೆಬ್ಬಟ್ಟು ಒತ್ತು."

ಗಂಡನ ಮಾತಿಗೆ ಎಂದೂ ಎದುರಾಡದ ರುಕ್ಮಾಬಾಯಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಅವನ್ನ ಹಡದಾಕಿ ನಾನ್ರಿ. ನನ್ನ ಪಾಲು ನನ್ನ ಹಂತೇಲೇ ಇರಲಿ."

ಬಸ್ ನಿಲ್ದಾಣದಲ್ಲಿ ಸುಗಂಧಾ ಬಸವಕಲ್ಯಾಣದ ಬಸ್ಸು ಹತ್ತಿದಳು. ಹಿಂದೆಯೇ ಅತ್ತೆಯೂ ಹತ್ತಿ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ತುಳಜಾರಾಮ ಕಿಟಕಿಯ ಕೆಳಗೆ ಓಡಿ ಬಂದ. ಸತ್ತ ಮಗನ ಮಾತೆತ್ತುತ್ತಾನೇನೋ, ಕೂಸಿನ ತಲೆಯನ್ನಾದರೂ ಸವರುತ್ತಾನೇನೋ ಎಂದು ಸುಗಂಧಾ ಒಂದು ಗಳಿಗೆ ಕಾದಳು.

"ಏ ಮುದುಕಿ," ಎಂದು ಅವನು ಕೂಗಿದ, "ಸಂಜೀಗಿ ರೊಟ್ಟಿ ಯಾರು ಬಡೀಬೇಕು?"