ಎರಡನೇ ದಿಂಬು

ರತ್ನ ಎರಡನೇ ದಿಂಬನ್ನು ಕೃಪಕ್ಕನ ತಲೆಯಡಿಗೆ ಸೇರಿಸುತ್ತಿದ್ದಾಗ ಶವಪೆಟ್ಟಿಗೆ ತಂದವನು ಬೇಡವೆಂದು ಕೈಯಾಡಿಸಿದ. ತಲೆ ಇಷ್ಟು ಎತ್ತರವಾದರೆ ಮುಚ್ಚಳ ಕೂರುವುದಿಲ್ಲವೆಂಬುದು ಅವನ ವಾದ. ರತ್ನ ಕಿವಿಗೆ ಹಾಕಿಕೊಳ್ಳಲಿಲ್ಲ. ನೋಡಿಕೊಳ್ಳಲೆಂದು ಈ ಮನೆಗೆ ಬಂದಾಗಿನಿಂದ ಅವಳು ಕೃಪಕ್ಕನನ್ನು ಒಂದೇ ದಿಂಬಿನಲ್ಲಿ ಮಲಗಿಸಿದವಳಲ್ಲ. ತಲೆ ಸ್ವಲ್ಪ ತಗ್ಗಿದರೂ ಸಾಕು, ಕೆಮ್ಮು ಶುರುವಾಗಿ ನೆರೆಮನೆಯವರೂ ಎದ್ದು ಕೂರಬೇಕಾಗುತ್ತಿತ್ತು. ಕೊನೆಗೆ ಅವನು ಮುಚ್ಚಳ ಇಟ್ಟೇ ತೋರಿಸಿದ. ಕೂರಲಿಲ್ಲ. ರತ್ನ ದಿಂಬನ್ನು ಎಳೆದುಕೊಂಡು ಎದೆಗವುಚಿ ನಿಂತಳು.

ಅಷ್ಟರಲ್ಲಿ ಫೋನು ಬಂತು. ಹೋಂ ನರ್ಸುಗಳನ್ನು ಮನೆಮನೆಗೆ ಕಳಿಸುವ ಏಜೆನ್ಸಿಯ ಮೇಡಂ. ಬೆಣ್ಣೆಯಂಥ ಮಲಯಾಳಂನಲ್ಲಿ ತೀರಿಕೊಂಡವರ ಆತ್ಮಕ್ಕೆ ಶಾಂತಿ ಕೋರಿದರು, ಅದೇ ಉಸಿರಿನಲ್ಲಿ ತಿರುವನಂತಪುರದ ವಿಳಾಸವನ್ನೂ ಹೇಳಿದರು. ಚಾಲೈ ಪೇಟೆಯ ಹಿಂದಿನ ಬೀದಿಯಲ್ಲಿ ರಾಮದಾಸ ಎನ್ನುವ ಮುದುಕರು ಸೊಂಟದ ಮೂಳೆ ಮುರಿದು ಮಲಗಿದ್ದಾರೆ, ಮಧ್ಯಾಹ್ನದ ಮೇಲೆ ಸೊಸೆ ಕೆಲಸಕ್ಕೆ ಹೋದರೆ ಹತ್ತಿರ ಯಾರೂ ಇಲ್ಲ, ಈಗಲೇ ರೈಲು ಹತ್ತಬೇಕು. ಹತ್ತದಿದ್ದರೆ ಇನ್ನು ಈ ಏಜೆನ್ಸಿಯಿಂದ ಕರೆ ಬರುವುದಿಲ್ಲ. ಮಣ್ಣು ಮಾಡುವುದು ಸಂಜೆ ಎಂದು ರತ್ನ ಹೇಳಿ ನೋಡಿದಳು. ಅದಕ್ಕೆ ಮನೆಯವರಿದ್ದಾರಲ್ಲ, ಎಂದರು ಮೇಡಂ.

ಅವರದೂ ತಪ್ಪೆನ್ನುವಂತಿಲ್ಲ, ಈ ಕೆಲಸದ ಪದ್ಧತಿಯೇ ಹಾಗೆ. ಮಲಗಿದವರು ಕಣ್ಣು ಮುಚ್ಚಿದರೆ ಡ್ಯೂಟಿ ಮುಗಿಯಿತು. ಮಲಮೂತ್ರ ಬಳಿದವಳಿಗೆ ಹಿಡಿ ಮಣ್ಣು ಹಾಕುವ ಬಿಡುವಿಲ್ಲ. ಇದು ಅನ್ಯಾಯ ಎಂದು ಮೊದಲು ಬಾಯಿ ಬಿಟ್ಟು ಹೇಳಿದವರು ಈಗ ಪೆಟ್ಟಿಗೆಯಲ್ಲಿ ತಣ್ಣಗೆ ಮಲಗಿದ್ದರು.

*

ಕೃಪಾ ಅಮ್ಮಣ್ಣ ಉಡುಪಿಯವರು. ಬ್ಯಾಂಕಿನ ಕೆಲಸಕ್ಕೆಂದು ಕೊಚ್ಚಿಗೆ ಬಂದು ಇಲ್ಲೇ ಬೇರು ಬಿಟ್ಟವರು. ಮದುವೆ ಯಾಕಾಗಲಿಲ್ಲವೆಂದು ಯಾರಾದರೂ ಕೇಳಿದರೆ, ಬಂದ ಅರ್ಜಿಗಳೆಲ್ಲ ತಿರಸ್ಕೃತವಾದವು ಎಂದು ಬ್ಯಾಂಕಿನ ಭಾಷೆಯಲ್ಲೇ ಬಾಯಿ ಮುಚ್ಚಿಸುತ್ತಿದ್ದರು. ಭಾನುವಾರದ ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಹಾಲಿನಲ್ಲಿ ಹೋಂ ನರ್ಸುಗಳನ್ನು ಕೂರಿಸಿಕೊಂಡು ಚಹಾ, ಬಾಳೆಹಣ್ಣು ಕರಿದ ಪಳಂಪೊರಿ ಕೊಡುತ್ತಿದ್ದರು. ಯಾವ ಜಾತಿ, ಯಾವ ದೇವರು ಎಂದು ಕೇಳಿದವರಲ್ಲ.

ಕುಂಬಳೆಯ ರತ್ನ ಆ ಹಾಲಿಗೆ ಮೊದಲು ಬಂದದ್ದು ಏಲೂರಿನ ಒಂದು ಮನೆಯ ಕೆಲಸ ಮುಗಿದ ವಾರ. ಅಲ್ಲಿ ಅವಳು ನೋಡಿಕೊಂಡಿದ್ದ ಅಜ್ಜಿ ಬೆಳಿಗ್ಗೆ ತೀರಿಕೊಂಡರು. ಮಗ ಅವಳ ಚೀಲವನ್ನು ತಾನೇ ಹೊತ್ತು ತಂದು ಆಟೋದಲ್ಲಿಟ್ಟ. ಒಳ್ಳೆಯ ಮನುಷ್ಯ, ಬಾಡಿಗೆಯನ್ನೂ ಕೊಟ್ಟ. ರತ್ನ ಇದನ್ನು ಒಂದು ಸುದ್ದಿಯೆಂಬಂತೆ ಹೇಳಿ ಚಹಾ ಗ್ಲಾಸು ಎತ್ತಿಕೊಂಡಳು.

"ಮತ್ತೆ ನೀನು ಅತ್ತದ್ದೆಲ್ಲಿ?" ಎಂದು ಕೇಳಿದರು ಕೃಪಕ್ಕ.

ಅದುವರೆಗೆ ಯಾರೂ ಅವಳನ್ನು ಅದು ಕೇಳಿರಲಿಲ್ಲ. "ಹೊಸ ಮನೆಯ ಬಚ್ಚಲಲ್ಲಿ," ಎಂದಳು. "ನಳ ಬಿಟ್ಕೊಂಡು."

ಪಕ್ಕದಲ್ಲಿದ್ದ ಜುಬೈದಾ ತಾನು ಬಸ್ಸಿನಲ್ಲಿ ಮುಖದ ಮೇಲೆ ಸೆರಗೆಳೆದು ಅತ್ತದ್ದನ್ನು ಹೇಳಿದಳು. ಕಮಲ ತಾರಸಿಯ ಮೇಲೆ ಬಟ್ಟೆ ಒಣಗಿಸುವ ನೆಪದಲ್ಲಿ. ಕೃಪಕ್ಕ ಗ್ಲಾಸನ್ನು ಕೆಳಗಿಟ್ಟರು.

"ಅಳ್ಲಿಕ್ಕೆ ಒಂದು ದಿನ ಬೇಕು. ಸಂಬಳದ ರಜೆ. ಕೇಳುವ."

ಕೇಳಿದರು. ಚರ್ಚಿನ ಕಮಿಟಿಯಲ್ಲಿ ಒಬ್ಬ ಹಿರಿಯರು ಇದು ಸಭೆಯ ಕೆಲಸವಲ್ಲ ಎಂದಾಗ, ಬೆಳಿಗ್ಗೆ ಸುಗಂಧ ಹಿಡಿದುಕೊಂಡು ಯೇಸುವಿನ ಸಮಾಧಿಗೆ ಹೋದದ್ದು ಹೆಂಗಸರೋ ಕಮಿಟಿಯವರೋ ಎಂದು ಕೇಳಿ ಕೂರಿಸಿದರು. ಪ್ರತಿ ವರ್ಷ ತಿರುವನಂತಪುರದ ಸರ್ಕಾರಿ ಕಚೇರಿಯೊಂದರ ಮೆಟ್ಟಿಲು ಹತ್ತಿದರು. ರೋಗಿಗೂ ಕೆಲಸದವಳಿಗೂ ಏನು ಸಂಬಂಧ ಎಂದು ಅಲ್ಲಿಯ ಅಧಿಕಾರಿ ಕೇಳಿದನಂತೆ. ನಿಮ್ಮ ಅಮ್ಮನ ಮೈ ಒರೆಸುವವಳು ನಿಮಗೆ ಏನಾಗಬೇಕು, ನೀವೇ ಹೇಳಿ ಎಂದರಂತೆ ಇವರು. ಅವನು ಚಹಾ ತರಿಸಿದ, ರಜೆ ಕೊಡಲಿಲ್ಲ. ಕೃಪಕ್ಕ ಚಾಲೈಯಲ್ಲಿ ಬಾಳೆಕಾಯಿ ಚಿಪ್ಸ್ ಕಟ್ಟಿಸಿಕೊಂಡು ಬಂದು ಎಲ್ಲರಿಗೂ ಹಂಚಿದರು.

ಕಾನೂನು ಬರುವಾಗ ಬರಲಿ ಎಂದು ಹೆಂಗಸರು ತಮ್ಮೊಳಗೇ ಒಂದು ಏರ್ಪಾಡು ಮಾಡಿಕೊಂಡರು. ಒಬ್ಬಳು ಕೆಲಸಕ್ಕಿದ್ದ ಮನೆಯಲ್ಲಿ ಸಾವಾದರೆ, ಅವಳ ಮುಂದಿನ ಮನೆಗೆ ಆ ಒಂದು ದಿನ ಇನ್ನೊಬ್ಬಳು ಹೋಗುವುದು. ಅದಕ್ಕೆ ಅವರಿಟ್ಟ ಹೆಸರು ಅಳುವ ದಿನ.

*

ಆ ಏರ್ಪಾಡು ಇವತ್ತೇ ಕೈಕೊಟ್ಟಿತ್ತು. ಇವತ್ತು ಯಾರ ಬದಲಿಗೆ ಯಾರು ಹೋಗಬೇಕು? ಸತ್ತವರು ಎಲ್ಲರಿಗೂ ಬೇಕಾದವರು. ಎಲ್ಲರೂ ಹೇಗೋ ರಜೆ ಗಿಟ್ಟಿಸಿಕೊಂಡು ಬಂದು ಅಂಗಳ ತುಂಬಿದ್ದರು. ವೈಟ್ಟಿಲದಲ್ಲಿ ಬಸ್ಸಿಳಿದು ಆಗಷ್ಟೇ ಒಳಗೆ ಬಂದಿದ್ದ ಜುಬೈದಾ ವಿಷಯ ಕೇಳಿದವಳೇ, ಚಪ್ಪಲಿ ಬಿಡದೆ, ತಾನು ಹೋಗುತ್ತೇನೆಂದಳು. ಕಮಲ ತಾನೆಂದಳು. ಕೃಪಕ್ಕನ ಮುಖವನ್ನಿನ್ನೂ ಸರಿಯಾಗಿ ನೋಡಿರದವರನ್ನು ಕಳಿಸುವುದಕ್ಕೆ ರತ್ನಳಿಗೆ ಮನಸ್ಸು ಬರಲಿಲ್ಲ.

"ನಾನು ಅವರನ್ನು ದಿನಾ ನೋಡಿದವಳು," ಎಂದು ಚೀಲಕ್ಕೆ ಕೈ ಹಾಕಿದಳು. ಹೋಗುವ ಮನಸ್ಸು ಅವಳಿಗೆ ಎಳ್ಳಷ್ಟೂ ಇರಲಿಲ್ಲ.

ಕೃಪಕ್ಕನ ತಮ್ಮನ ಮಗಳು ಜೀವಿತಾ ಪೆಟ್ಟಿಗೆಯ ಪಕ್ಕದಿಂದ ಎದ್ದು ಬಂದು ಆ ಚೀಲವನ್ನು ಕಸಿದುಕೊಂಡಳು. ಅವಳೂ ಗಂಡ ಸ್ಕಂದನೂ ತಿರುವನಂತಪುರದ ಐಟಿ ಪಾರ್ಕಿನಲ್ಲಿ ಕೆಲಸದಲ್ಲಿದ್ದರು. ಸ್ಕಂದ ಬೆಳಗಿನ ಮೀಟಿಂಗು ಮುಗಿಸಿ ಹೊರಡುವವನಿದ್ದ. ಜೀವಿತಾ ಅವನಿಗೆ ಫೋನು ಮಾಡಿ, ಇಲ್ಲಿಗೆ ಬರುವುದು ಬೇಡ, ಚಾಲೈಗೆ ಹೋಗು ಎಂದಳು.

ಆ ಕಡೆಯಿಂದ ಬಂದ ಗಾಬರಿ ಎಲ್ಲರಿಗೂ ಕೇಳಿಸಿತು. ಮನೆಯ ಅಳಿಯನೇ ಮಣ್ಣಿಗೆ ಇಲ್ಲದಿದ್ದರೆ ಜನ ಏನಂದಾರು, ಅದೂ ಅಲ್ಲದೆ ತನಗೆ ಅದೆಲ್ಲ ಬರುವುದಿಲ್ಲ.

"ಅತ್ತೆ ನಿನ್ನನ್ನು ಒಪ್ಪಿದ್ದು ಯಾಕೆ ಹೇಳು?" ಎಂದಳು ಜೀವಿತಾ.

ರತ್ನಳಿಗೂ ಅದು ನೆನಪಿತ್ತು, ಆ ದಿನ ಚಹಾ ಮಾಡಿದವಳು ಅವಳೇ. ಹೆಣ್ಣು ಕೇಳಲು ಬಂದ ಮೈಸೂರಿನ ಹುಡುಗನನ್ನು ಕೃಪಕ್ಕ ಸಂಬಳ ಕೇಳಲಿಲ್ಲ, ಧರ್ಮ ಕೇಳಲಿಲ್ಲ. ಹಾಸಿಗೆ ಹಿಡಿದಿದ್ದ ನಿನ್ನಜ್ಜಿಯನ್ನು ನೋಡಿಕೊಂಡವರು ಯಾರು ಎಂದರು. ಯಾರೋ ಹೆಂಗಸನ್ನಿಟ್ಟಿದ್ದೆವು ಎಂದ. ಹೆಸರೇನು ಎಂದರೆ ತಿಳಿಯದು. ತಿಳಿದುಕೊಂಡು ಬಾ ಎಂದು ಕಳಿಸಿಬಿಟ್ಟರು. ಮುಂದಿನ ವಾರ ಹುಡುಗ ಬಾಗಿಲಲ್ಲಿ ನಿಂತು, ಪರೀಕ್ಷೆ ಬರೆಯುವವನ ಹಾಗೆ ಬೆವರುತ್ತಾ, ಸುಮಿತ್ರ ಎಂದ. ಕೃಪಕ್ಕ ಮನಸಾರೆ ನಕ್ಕು ಒಳಗೆ ಕರೆದರು.

ಸ್ಕಂದ ಫೋನಿನಲ್ಲಿ ವಿಳಾಸ ಕೇಳಿದ. ರತ್ನ ಚಾಲೈ ಮನೆಯ ಸೊಸೆಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಾವನನ್ನು ಎತ್ತಲು ಗಂಡಸೇ ಬಂದರೆ ಇನ್ನೂ ಒಳ್ಳೆಯದಾಯಿತು, ನೀವು ನಾಳೆ ಬನ್ನಿ, ಏಜೆನ್ಸಿಗೆ ನಾನೇ ಹೇಳುತ್ತೇನೆ ಎಂದಳು ಆಕೆ. ಹೆಂಗಸರ ಗುಂಪಿನಲ್ಲಿ ಯಾರೋ ಮೂಗು ಸೀಟಿಕೊಂಡು ನಕ್ಕರು.

ಚರ್ಚಿನಲ್ಲಿ ಕೊನೆಯ ಪ್ರಾರ್ಥನೆ ಮುಗಿದು ಸ್ಮಶಾನದ ದಾರಿ ಹಿಡಿದಾಗ ರತ್ನಳ ಫೋನು ನಡುಗಿತು.

"ರತ್ನಮ್ಮ, ಇವ್ರನ್ನ ಯಾವ್ ಕಡೆ ತಿರುಗಿಸ್ಬೇಕು? ನಂಗೆ ಭಯ ಆಗ್ತಿದೆ."

"ನೋವಿಲ್ಲದ ಬದಿಗೆ. ಕಾಲಿನ ನಡುವೆ ದಿಂಬು ಇಡಿ. ತಲೆ ಮೇಲಿರ್ಲಿ. ಏನು ಮಾಡುದಿದ್ರೂ ಅವರ ಹತ್ರ ಹೇಳಿ ಮಾಡಿ," ಎಂದು ರತ್ನ ಪಿಸುಗುಟ್ಟಿದಳು. ಆ ಕಡೆ ಸ್ಕಂದ ಹರುಕುಮುರುಕು ಮಲಯಾಳಂನಲ್ಲಿ ಮುದುಕರಿಗೆ ಹೇಳುವುದು ಕೇಳಿಸಿತು. ಅವಳು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಪಾದ್ರಿಗಳು ಮನೆಯವರು ಮುಂದೆ ಬನ್ನಿ ಎಂದಾಗ ರತ್ನ ಅಭ್ಯಾಸದಂತೆ ಹಿಂದಕ್ಕೆ ಸರಿದಳು. ಜೀವಿತಾ ಅವಳ ರಟ್ಟೆ ಹಿಡಿದು ಗುಂಡಿಯ ಅಂಚಿಗೆ ತಂದು ನಿಲ್ಲಿಸಿಕೊಂಡಳು. ನಾಲ್ವರು ಗಂಡಸರು ಹಗ್ಗ ಬಿಡತೊಡಗಿದರು. ತಲೆಯ ಕಡೆಯ ಹಗ್ಗ ಬೇಗ ಜಾರಿತು. ಪೆಟ್ಟಿಗೆ ಆ ಬದಿಗೆ ವಾಲಿತು.

"ಮೆಲ್ಲ," ಎಂದಳು ರತ್ನ. ಬೆಳಗಿನಿಂದ ಪಿಸುಗುಟ್ಟುತ್ತಿದ್ದವಳ ದನಿ ಇಡೀ ಸ್ಮಶಾನಕ್ಕೆ ಕೇಳಿಸಿತು. "ತಲೆ ತಗ್ಗಿಸ್ಬೇಡಿ. ಅವರಿಗೆ ಕೆಮ್ಮು ಬರ್ತದೆ."

ಹೇಳಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಳ್ಳದೆ, ಅಷ್ಟು ಜನರ ಮುಂದೆ, ಜೋರಾಗಿ ಅತ್ತಳು. ಜುಬೈದಾ ಅತ್ತಳು, ಕಮಲ ಅತ್ತಳು.

ಯಾರೂ ಅವಸರ ಮಾಡಲಿಲ್ಲ. ತಲೆಯ ಕಡೆ ಹಗ್ಗ ಹಿಡಿದಿದ್ದವನು ಬೆಳಿಗ್ಗೆ ದಿಂಬು ತೆಗೆಸಿದವನೇ. ಅವಳಾಡಿದ ಕನ್ನಡ ಅವನಿಗೆಷ್ಟು ತಿಳಿಯಿತೋ, ಅವಳ ಕೈ ತೋರಿಸುತ್ತಿದ್ದ ಕಡೆ ನೋಡಿದ. ಹಗ್ಗವನ್ನು ಅಂಗೈಗೆ ಒಂದು ಸುತ್ತು ಸುತ್ತಿಕೊಂಡು, ಹಿಂದಕ್ಕೆ ಬಾಗಿ, ತಲೆಯ ಬದಿಯನ್ನು ಮೇಲೆತ್ತಿ ಹಿಡಿದ. ಪೆಟ್ಟಿಗೆಯ ಕಾಲಿನ ಕಡೆಯ ತುದಿ ಗುಂಡಿಯ ನೆಲ ಮುಟ್ಟುವವರೆಗೂ ಹಾಗೆಯೇ ಹಿಡಿದಿದ್ದ.