ನೀಲಿ ಪುಟದಲ್ಲಿ ಸಿಕ್ಕಿಕೊಂಡೆ

ನಾನೊಂದು ಲ್ಯಾಪ್‌ಟಾಪ್. ಸುಮ್ಮನೆ ಕೂರುವ ಜಾತಿಯಲ್ಲ ನನ್ನದು. ಯಾರಾದರೂ ಮುಚ್ಚಳ ತೆರೆದರೆ ಸಾಕು, ಏನು ಕೆಲಸ, ಎಲ್ಲಿಂದ ಶುರು, ಬೇಗ ಹೇಳಿ ಅನ್ನುವ ಸ್ವಭಾವ. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಬಿಳಿ ಕೈಗವಸು ಹಾಕಿಕೊಂಡ ಹೆಂಗಸೊಬ್ಬಳು ನನ್ನ ಕೀಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿ, ತಲೆಯಾಡಿಸಿ, ಮುಂದಿನದಕ್ಕೆ ಹೋದಳು. ಮುದ್ದು ಮಾಡುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ.

ಮೊದಲು ಸೇರಿದ ಮನೆ ಶಿವಮೊಗ್ಗದ ಒಂದು ವಧೂವರ ಕೇಂದ್ರ. ಯಜಮಾನರು ಶೇಷಗಿರಿರಾಯರು. ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ಒಂದು ಅಕ್ಷರ ಒತ್ತಿ, ಕನ್ನಡಕ ಸರಿಮಾಡಿಕೊಂಡು, ಬಂತೋ ಇಲ್ಲವೋ ಅಂತ ನೋಡಿ, ಆಮೇಲೆ ಇನ್ನೊಂದು. ಅಯ್ಯೋ, ನನಗೆ ಮೈಯೆಲ್ಲ ತುರಿಸಿದ ಹಾಗೆ ಆಗುತ್ತಿತ್ತು. ಗಂಡಿನ ಎತ್ತರ ಸ್ವಲ್ಪ ಹೆಚ್ಚಿಸಿ, ಹೆಣ್ಣಿನ ವಯಸ್ಸು ಸ್ವಲ್ಪ ಇಳಿಸಿ ಬರೆಯುವುದು ಅವರ ಪದ್ಧತಿ. ನಾನು ಎಲ್ಲವನ್ನೂ ನುಂಗಿಕೊಂಡು ಕೂತಿದ್ದೆ. ಕೊನೆಗೆ ಜನ ಮೊಬೈಲಿನಲ್ಲೇ ಸಂಬಂಧ ಹುಡುಕತೊಡಗಿದರು, ರಾಯರು ಕೇಂದ್ರದ ಬಾಗಿಲು ಹಾಕಿದರು, ನಾನು ಹಳೆ ಸಾಮಾನಿನ ಅಂಗಡಿಗೆ ಹೋದೆ.

ಅಲ್ಲಿಂದ ನನ್ನನ್ನು ಎತ್ತಿಕೊಂಡು ಬಂದವಳು ನಾಗವೇಣಿ. ದಾವಣಗೆರೆಯಲ್ಲಿ ಅವಳದೂ ಗಂಡ ಕೊಟ್ರೇಶನದೂ ಕಂಪ್ಯೂಟರ್ ಎಂಬ್ರಾಯಿಡರಿ ಕೆಲಸ. ಮನೆಯ ಮುಂದಿನ ಕೋಣೆಯ ಮುಕ್ಕಾಲು ಭಾಗ ಹೊಲಿಗೆಯ ಮಿಷನ್ನೇ ತುಂಬಿಕೊಂಡಿತ್ತು. ಅದಕ್ಕೆ ಸಾಲಾಗಿ ಸೂಜಿಗಳು, ಮೇಲೆ ಬಣ್ಣಬಣ್ಣದ ದಾರದ ಉಂಡೆಗಳು. ಚಿತ್ರ ನನ್ನಲ್ಲಿ ತಯಾರಾಗಬೇಕು, ಮಿಷನ್ನು ಅದನ್ನು ರವಿಕೆಯ ತೋಳಿಗೆ ಹೊಲಿಯಬೇಕು. ಮಿಷನ್ನು ಕೊಟ್ರೇಶನ ಕೈಗೆ, ನಾನು ನಾಗವೇಣಿಯ ಕೈಗೆ.

ಅಬ್ಬಾ, ಏನು ಕೈ ಅವಳದು! ನನ್ನ ಓಟಕ್ಕೆ ಸರಿಯಾದ ಜೋಡಿ ಕೊನೆಗೂ ಸಿಕ್ಕಿತಪ್ಪ ಅನ್ನಿಸಿತು. ಬೇರೆಯವರು ಪೇಟೆಯಿಂದ ಪೆನ್‌ಡ್ರೈವಿನ ತುಂಬ ಡಿಸೈನ್ ತಂದು ಅದೇ ನವಿಲು, ಅದೇ ಮಾವಿನಕಾಯಿ ಹೊಲಿಯುತ್ತಿದ್ದರು. ಇವಳು ಪೆನ್ಸಿಲ್ ಹಿಡಿದು ಕಣ್ಣಿಗೆ ಬಿದ್ದದ್ದನ್ನು ಬರೆಯುವಳು. ಹುಣಸೆಯ ಹೂವು, ಅವರೆಯ ಬಳ್ಳಿ, ಎದುರುಮನೆ ಗೇಟಿನ ಕಬ್ಬಿಣದ ಸುರುಳಿ. ಆಮೇಲೆ ಅದನ್ನು ನನ್ನ ಪರದೆಗೆ ತಂದು, ಯಾವ ಹೊಲಿಗೆ ಎಲ್ಲಿ ಬೀಳಬೇಕು, ಯಾವ ಬಣ್ಣ ಎಲ್ಲಿ ನಿಲ್ಲಬೇಕು ಅಂತ ಒಂದೊಂದೇ ಕೂರಿಸುವಳು. ತೃಪ್ತಿಯಾಗದಿದ್ದರೆ ಎಲ್ಲ ಅಳಿಸಿ ಮತ್ತೆ ಶುರು. ಮದುವೆಮನೆಯಲ್ಲಿ ಹೆಂಗಸರು ಒಬ್ಬರ ತೋಳು ಒಬ್ಬರು ಹಿಡಿದು ನೋಡಿ, ಇದು ನಾಗವೇಣಿ ಮನೇದಲ್ವಾ ಅನ್ನುತ್ತಿದ್ದರಂತೆ. ವರ್ಷಗಟ್ಟಲೆಯ ಆ ಕೆಲಸವೆಲ್ಲ ನನ್ನ ಹೊಟ್ಟೆಯಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಕಾಗದದ ಮೇಲೆ ಬರೆದದ್ದನ್ನು ಅವಳು ಕೆಲಸ ಮುಗಿದ ಮೇಲೆ ಒಲೆಗೆ ಹಾಕಿಬಿಡುತ್ತಿದ್ದಳು.

ಕೊಟ್ರೇಶ ಕೆಟ್ಟವನಲ್ಲ. ಮಿಷನ್ನಿಗೆ ಎಣ್ಣೆ ಬಿಡುವುದು, ದಾರ ಪೋಣಿಸುವುದು, ಬಂದವರನ್ನು ಮಾತಾಡಿಸುವುದು, ಎಲ್ಲ ಅಚ್ಚುಕಟ್ಟು. ಆದರೆ ಅವನ ಪಾಲಿಗೆ ದುಡಿಯುವುದೆಂದರೆ ಮಿಷನ್ನು ಒಂದೇ. ಹೆಂಡತಿ ನನ್ನ ಮುಂದೆ ಕೂತರೆ ಟಿ.ವಿ. ನೋಡುತ್ತಾಳೇನೋ ಅನ್ನುವ ಹಾಗೆ ಪಕ್ಕದಲ್ಲೇ ಹಾದುಹೋಗುವನು.

ಇನ್ನು ಅವನ ಭಕ್ತಿಯ ಸುದ್ದಿಗೆ ಬರುತ್ತೇನೆ, ಅಲ್ಲಿಂದಲೇ ನನ್ನ ಗ್ರಹಚಾರ ಶುರುವಾದದ್ದು. ಒಂದು ವರ್ಷ ಆಯುಧಪೂಜೆಗೆ ಮಿಷನ್ನು, ಕತ್ತರಿಗಳು, ಇಸ್ತ್ರಿಪೆಟ್ಟಿಗೆ, ಸ್ಕೂಟರು, ಎಲ್ಲವನ್ನೂ ಒರೆಸಿ ಸಾಲಾಗಿ ಇಟ್ಟ. ನನ್ನ ಮುಚ್ಚಳ ತೆರೆದೇ ಇಟ್ಟ. ಮುಖ ಮುಚ್ಚಿಕೊಂಡು ಪೂಜೆ ಮಾಡಿಸಿಕೊಳ್ಳೋದು ಉಂಟೇನು ಅಂತ ಅವನ ವಾದ. ವಿಭೂತಿಯನ್ನು ನೀರಿನಲ್ಲಿ ಕಲಸಿ, ನನ್ನ ಮೇಲಿನ ಸಾಲಿನ ಕೀಗಳ ಮೇಲೆ ಈ ತುದಿಯಿಂದ ಆ ತುದಿಗೆ ಮೂರು ಬೆರಳು ಎಳೆದ. ಮೇಲೆ ಕುಂಕುಮವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿಟ್ಟ. ಚೆಂಡುಹೂವು ಇಟ್ಟ, ತೀರ್ಥ ಚಿಮುಕಿಸಿದ. ನನಗೂ ಹೆಮ್ಮೆಯೇ ಆಯಿತು, ಸುಳ್ಳು ಯಾಕೆ ಹೇಳಲಿ. ರಾಯರು ಒಂದು ದಿನವೂ ಹೂವು ಏರಿಸಿದವರಲ್ಲ.

ವಿಜಯದಶಮಿ ಕಳೆದ ಮಾರನೆಯ ದಿನ ನಾಗವೇಣಿ ನನ್ನ ಬಟನ್ ಒತ್ತಿದಳು. ನಾನು ದಡಬಡ ಎದ್ದೆ. ಎದ್ದವನು ಅವಳ ಚಿತ್ರಗಳ ಕಡೆ ಹೋಗಬೇಕು ತಾನೇ? ಹೋದದ್ದು ನೀಲಿ ಪುಟಕ್ಕೆ. ಅದು ನನ್ನ ಒಳಮನೆಯ ಪುಟ, ಇವತ್ತಿನ ತಾರೀಖು, ಒಳಗಿನ ಭಾಗಗಳ ಹೆಸರು, ಅಂಥವು ಇರುವ ಜಾಗ. ಮೇಲಿನ ಸಾಲಿನ ಒಂದು ಕೀ ಹಿಡಿದುಕೊಂಡು ನನ್ನನ್ನು ಎಬ್ಬಿಸಿದರೆ ಮಾತ್ರ ಆ ಪುಟಕ್ಕೆ ಹೋಗುತ್ತೇನೆ. ಇವಳು ಹಿಡಿದಿರಲಿಲ್ಲ. ಕೊಟ್ರೇಶ ಬಳಿದ ವಿಭೂತಿ ಕೀಯ ಸಂದಿಗೆ ಇಳಿದು, ಒಣಗಿ, ಗಾರೆಯ ಹಾಗೆ ಗಟ್ಟಿಯಾಗಿ ಅದನ್ನು ಕೆಳಗೇ ಹಿಡಿದುಕೊಂಡಿತ್ತು. ಅವಳು ಆರಿಸಿದಳು, ಮತ್ತೆ ಎಬ್ಬಿಸಿದಳು. ಮತ್ತೆ ನೀಲಿ ಪುಟ. ನನ್ನ ಡಿಸ್ಕು ಚೆನ್ನಾಗಿದೆ, ನಿನ್ನ ಹುಣಸೆಹೂವು ಭದ್ರವಾಗಿದೆ, ಆ ಕುಂಕುಮದ ಕೆಳಗೆ ನೋಡೇ ಮಾರಾಯ್ತಿ ಅಂತ ಕೂಗಬೇಕು ಅನ್ನಿಸಿತು. ಕೂಗುವುದು ಹೇಗೆ? ಫ್ಯಾನ್ ಜೋರಾಗಿ ತಿರುಗಿಸಿದೆ. ಬಿಸಿಯಾಗಿದೆ ಪಾಪ ಅಂತ ಆರಿಸಿಬಿಟ್ಟಳು.

ಕುಂಕುಮವನ್ನು ಒರೆಸೋಣ ಅಂತ ಅವಳು ಸೆರಗು ತೆಗೆದದ್ದೂ ಉಂಟು. ಕೊಟ್ರೇಶ ತಡೆದ. ಪೂಜೆಯ ಕುಂಕುಮ ತಾನಾಗಿ ಉದುರಬೇಕು, ಒರೆಸಿದರೆ ದುಡಿಮೆಯನ್ನೇ ಒರೆಸಿದ ಹಾಗೆ ಅಂದ. ಬೇಕಾದರೆ ದೃಷ್ಟಿ ತೆಗೆಯೋಣ ಅಂತ ನಿಂಬೆಹಣ್ಣು ತಂದು ನನಗೆ ನಿವಾಳಿಸಿದ. ನಿಂಬೆಹಣ್ಣು ಹೋಗಿ ರಸ್ತೆಗೆ ಬಿತ್ತು, ನಾನು ನೀಲಿ ಪುಟದಲ್ಲೇ ಇದ್ದೆ. ನಾಗವೇಣಿಗೆ ಊಟ ಸೇರದಾಯಿತು. ಮಿಷನ್ನಿನ ಮುಂದೆ ಸುಮ್ಮನೆ ಕೂತು ಒಂದು ಸಲ ಹೇಳಿದಳು, "ಅದರಲ್ಲಿರೋದು ಹೋದ್ರೆ ಇನ್ನು ನಾನು ಪೆನ್ಸಿಲ್ ಮುಟ್ಟಲ್ಲ. ಮತ್ತೆ ಮೊದಲಿಂದ ಬರೆಯೋ ಶಕ್ತಿ ನನಗಿಲ್ಲ." ಕೊಟ್ರೇಶ ಅದನ್ನು ಕೋಪದ ಮಾತು ಅಂದುಕೊಂಡ. ಅವಳು ಕೋಪದಲ್ಲಿರಲಿಲ್ಲ.

ಅವಳು ತಂಗಿಯ ಸೀಮಂತಕ್ಕೆಂದು ರಾಣೆಬೆನ್ನೂರಿಗೆ ಹೋದ ದಿನ, ಬರುವಷ್ಟರಲ್ಲಿ ಸರಿಮಾಡಿಸಿ ಇಡೋಣ ಅಂತ ಕೊಟ್ರೇಶ ನನ್ನನ್ನು ಚೀಲಕ್ಕೆ ಹಾಕಿಕೊಂಡು ಸ್ಕೂಟರಿನಲ್ಲಿ ರಿಪೇರಿ ಅಂಗಡಿಗೆ ಹೊರಟ. ಅಂಗಡಿಯ ರುದ್ರಮುನಿ ಮುಚ್ಚಳ ತೆರೆದವನೇ ವಿಭೂತಿ ನೋಡಿ ಚಪ್ಪಲಿ ಬಿಟ್ಟ. ಸದ್ಯ, ಇವನಾದರೂ ಆ ಸಾಲು ಒತ್ತಿ ನೋಡುತ್ತಾನೆ ಅಂತ ಕಾದೆ. ಎಲ್ಲಿ? ಪೂಜೆ ಮಾಡಿದ್ದನ್ನು ಕೆಡಿಸಬಾರದು ಅಂತ ಬೇರೊಂದು ಕೀಬೋರ್ಡು ತಂದು ನನಗೆ ಸಿಕ್ಕಿಸಿ, ಅದರಲ್ಲೇ ಕೆಲಸ ಶುರುಮಾಡಿದ! ಎಬ್ಬಿಸಿದ, ಆರಿಸಿದ, ಎಬ್ಬಿಸಿದ. ನಾನು ಪ್ರತಿ ಸಲ ನೀಲಿ ಪುಟಕ್ಕೇ ಹೋಗಿ ನಿಂತೆ. ಕೊನೆಗೆ, ವಿಂಡೋಸ್ ಹಾಳಾಗಿದೆ, ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು ಅಂದ. ಒಳಗೆ ಉಳಿಸಿಕೊಳ್ಳುವಂಥದ್ದು ಏನಾದರೂ ಇದೆಯಾ ಅಂತಲೂ ಕೇಳಿದ, ಅವನ ತಪ್ಪಿಲ್ಲ.

"ಏನಿಲ್ಲ ಬಿಡಪ್ಪ. ಡಿಸೈನ್ ಅದಾವೆ, ಪೇಟೇಲಿ ಸಿಗ್ತಾವೆ," ಅಂದ ಕೊಟ್ರೇಶ.

ನನಗೆ ಎದೆ ಅನ್ನುವುದು ಇದ್ದಿದ್ದರೆ ಅಲ್ಲೇ ಒಡೆಯುತ್ತಿತ್ತು. ಎಂಥಾ ಅನ್ಯಾಯ ನೋಡಿ. ಅಳಿಸಿದ ಮೇಲೂ ನಾನು ನೀಲಿ ಪುಟಕ್ಕೇ ಹೋಗುವವನು. ಅವಳ ಕೆಲಸವೂ ಹೋಯಿತು, ಕಾಯಿಲೆಯೂ ಉಳಿಯಿತು ಅನ್ನುವ ಹಾಗೆ. ರುದ್ರಮುನಿ ಹೊಸ ವಿಂಡೋಸ್ ಇರುವ ಪೆನ್‌ಡ್ರೈವ್ ಹುಡುಕತೊಡಗಿದ. ಮೇಜಿನ ಡ್ರಾಯರು ತೆಗೆದ, ಜೇಬು ತಡವಿದ. ಸಿಗಬಾರದು, ಸಿಗಬಾರದು ಅಂತ ನಾನು. ಸಿಕ್ಕಿತು.

ಅಷ್ಟರಲ್ಲಿ ನಾಗವೇಣಿ ಬಂದಳು. ಬಸ್ಸಿಳಿದು ಮನೆಗೆ ಹೋಗಿ, ಮೇಜು ಖಾಲಿ ಕಂಡು, ರಿಪೇರಿಗೆ ಒಯ್ದಿರಬೇಕು ಅಂತ ಊಹಿಸಿ, ಸೀಮಂತದ ಚೀಲವನ್ನು ಅಲ್ಲೇ ಎಸೆದು ಓಡಿಬಂದಿದ್ದಳು. ಮುಡಿದ ಮಲ್ಲಿಗೆ ಜಾರಿ ಭುಜಕ್ಕೆ ಬಿದ್ದಿತ್ತು. ಗಂಡನ ಕಡೆ ನೋಡಲೂ ಇಲ್ಲ. ಅಳಿಸಬೇಡ ತಮ್ಮಾ, ಅದರಲ್ಲಿರೋದು ಪೇಟೆಯದಲ್ಲ, ನಾನು ಬರೆದದ್ದು ಅಂದಳು. ರುದ್ರಮುನಿ ಪೆನ್‌ಡ್ರೈವನ್ನು ಕೆಳಗಿಟ್ಟ. ಹಾಗಾದರೆ ಬಿಚ್ಚಿ ಡಿಸ್ಕನ್ನು ಹೊರಗೆ ತೆಗೆದು ಬೇರೆ ಕಂಪ್ಯೂಟರಿನಲ್ಲಿ ನೋಡಬೇಕು, ಬರಬಹುದು, ಬರದೆಯೂ ಇರಬಹುದು ಅಂದ. ಆದರೆ ಸ್ಕ್ರೂಡ್ರೈವರ್ ಹಿಡಿದವನು ಹಿಂದೆಮುಂದೆ ನೋಡಿದ.

"ಅಕ್ಕಾ, ಪೂಜೆ ಮಾಡಿದ್ದನ್ನ ಹಿಂಗೇ ಬಿಚ್ಚಕ್ಕೆ ನನಗೆ ಕೈ ಬರಲ್ಲ. ನೀವೇ ಒರೆಸಿ ಕೊಡಿ."

ಕೊಟ್ರೇಶ ಬಾಯಿ ತೆರೆದ. ನಾಗವೇಣಿ ಅವನ ಕಡೆ ತಿರುಗಿ, "ದೇವರಿಗೆ ನಾನು ಹೇಳ್ಕೋತೀನಿ, ನೀವು ಸುಮ್ನಿರ್ರಿ," ಅಂದಳು.

ಸೆರಗಿನ ತುದಿಯನ್ನು ಒದ್ದೆ ಮಾಡಿ ನನ್ನ ಮುಖ ಒರೆಸಿದಳು. ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಒಳಗೆ ಕಳಿಸುವ ಮಗುವಿನ ಮುಖ ಒರೆಸುತ್ತಾರಲ್ಲ, ಹಾಗೆ. ಅವಳ ಕಣ್ಣಲ್ಲಿ ನೀರಿತ್ತು, ಕೈ ಮಾತ್ರ ಅವಸರ ಮಾಡಲಿಲ್ಲ. ಕುಂಕುಮ ಹೋಯಿತು, ಮೇಲಿನ ವಿಭೂತಿ ಹೋಯಿತು, ಸಂದಿಯಲ್ಲಿದ್ದದ್ದು ಹೋಗಲಿಲ್ಲ. ಅರೆಬರೆ ಕೆಲಸ ಅವಳಿಗೆ ಆಗಿಬರುವುದಿಲ್ಲ. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನನ್ನು ತೆಗೆದು ಕೀಯ ಸುತ್ತ ಒಂದೊಂದೇ ಚೂರು ಕೆದಕತೊಡಗಿದಳು. ಹೂಂ, ಅಲ್ಲೇ, ಇನ್ನೂ ಸ್ವಲ್ಪ, ಎಡಕ್ಕೆ! ಟಕ್ ಅಂತ ಕೀ ಮೇಲೆದ್ದಿತು.

ಮೂವರೂ ಆ ಕೀಯನ್ನೇ ನೋಡಿದರು. ರುದ್ರಮುನಿ ಅದನ್ನು ಒತ್ತಿದ, ಬಿಟ್ಟ, ಒತ್ತಿದ, ಬಿಟ್ಟ. ತನ್ನ ಕೀಬೋರ್ಡಿನ ವೈರು ಕಿತ್ತು, ನನ್ನ ಬಟನ್ ಒತ್ತಿದ. ನಾನು ನೀಲಿ ಪುಟದ ಬಾಗಿಲು ದಾಟಿ ಓಡಿದೆ ನೋಡಿ, ಆ ಓಟ ಹುಟ್ಟಿದಂದಿನಿಂದ ಓಡಿರಲಿಲ್ಲ. ಪರದೆ ಬೆಳಗಿತು. ಹುಣಸೆಹೂವು ಬಂತು, ಅವರೆಬಳ್ಳಿ ಬಂತು, ಗೇಟಿನ ಸುರುಳಿ ಬಂತು. ನಾಗವೇಣಿ ಅಲ್ಲೇ ಕೂತು ಒಂದೊಂದನ್ನೂ ತೆರೆದು ನೋಡಿ ರುದ್ರಮುನಿ ಕೊಟ್ಟ ಇನ್ನೊಂದು ಪೆನ್‌ಡ್ರೈವಿಗೆ ಹಾಕಿಕೊಂಡಳು. ಹಿಂದೆ ನಿಂತಿದ್ದ ಕೊಟ್ರೇಶ ಬಗ್ಗಿ ನೋಡುತ್ತಲೇ ಇದ್ದ. ಮುಗಿಯುತ್ತಿರಲಿಲ್ಲ, ಬರುತ್ತಲೇ ಇದ್ದವು.

"ಇವಿಷ್ಟೂ ನೀನೇ ಬರೆದಿದ್ದಾ?" ಅಂತ ಮೆಲ್ಲಗೆ ಕೇಳಿದ.

"ನೀವು ಇಷ್ಟು ದಿನ ಹೊಲಿದಿದ್ದು ಮತ್ತೆ ಯಾವುದು?" ಅಂದಳು ಅವಳು.

ಮನೆಗೆ ಬರುವಾಗ ಸ್ಕೂಟರಿನಲ್ಲಿ ನನ್ನನ್ನು ಕಾಲ ಬಳಿ ಇಡದೆ ಅವಳ ಮಡಿಲಿಗೆ ಕೊಟ್ಟ.

ಆಮೇಲೂ ಕೆಲವು ವರ್ಷ ದುಡಿದೆ. ಆದರೆ ವಯಸ್ಸು ಯಾರನ್ನು ಬಿಟ್ಟಿದೆ? ಬ್ಯಾಟರಿ ಉಬ್ಬಿತು, ತೆಗೆದು ಎಸೆದರು. ಮುಚ್ಚಳದ ಕೀಲು ಮುರಿಯಿತು. ಹೊಸ ಲ್ಯಾಪ್‌ಟಾಪ್ ಬಂತು. ಚಿತ್ರಗಳೆಲ್ಲ ಅದಕ್ಕೆ ಹೋದವು, ನಾನು ದಾರದ ಉಂಡೆಗಳ ಪಕ್ಕ ಅಟ್ಟಣಿಗೆಯ ಮೂಲೆಗೆ ಬಂದೆ. ಗುಜರಿಯವನು ಬಂದು ಕೇಳಿದಾಗ ಕೊಟ್ರೇಶನೇ ಕೊಡುವುದಿಲ್ಲ ಅಂದ. ಮೊದಮೊದಲು ಸಿಟ್ಟು ಬರುತ್ತಿತ್ತು. ಕೆಲಸ ಕೊಡದೆ ಕೂರಿಸುವುದಕ್ಕಿಂತ ಗುಜರಿಯೇ ವಾಸಿಯಲ್ಲವಾ ಅನ್ನಿಸುತ್ತಿತ್ತು.

ಈಗ ಕೇಳುವುದೇ ನನ್ನ ಕೆಲಸ. ಕೆಳಗೆ ಮಿಷನ್ನು ಓಡುತ್ತದಲ್ಲ, ಆ ಸೂಜಿಗಳ ಸದ್ದಿನಲ್ಲೇ ಚಿತ್ರ ಯಾವುದು ಅಂತ ಹೇಳಬಲ್ಲೆ. ಉದ್ದಕ್ಕೆ ಓಡಿ ತಟ್ಟನೆ ತಿರುಗಿದರೆ ಅವರೆಬಳ್ಳಿ. ಬಿಟ್ಟುಬಿಟ್ಟು ಪುಟಪುಟ ಅಂದರೆ ಹುಣಸೆಹೂವು. ಒಂದೊಂದು ಹೊಲಿಗೆಯೂ ನನ್ನ ಮೈಮೇಲೆ ಕೂತು ಹೋದದ್ದೇ ತಾನೇ.

ಆದರೆ ಇವತ್ತು ಬೆಳಿಗ್ಗೆಯಿಂದ ಕೇಳುತ್ತಿರುವ ಸದ್ದು ಬೇರೆ. ನಿಧಾನವಾಗಿ ಸುತ್ತುತ್ತದೆ, ನಿಲ್ಲುತ್ತದೆ, ಬಣ್ಣ ಬದಲಾಗುತ್ತದೆ, ಮತ್ತೆ ಬೇರೆ ಕಡೆಯಿಂದ ಶುರುವಾಗುತ್ತದೆ. ಎಷ್ಟು ನೆನಪು ಮಾಡಿಕೊಂಡರೂ ನನಗೆ ಗುರುತು ಸಿಗುತ್ತಿಲ್ಲ. ಹೊಸದನ್ನು ಬರೆದಿದ್ದಾಳೆ. ಇದ್ದದ್ದು ಹೋದರೆ ಪೆನ್ಸಿಲ್ ಮುಟ್ಟುವುದಿಲ್ಲ ಅಂದವಳು ನಾನು ಕಂಡೇ ಇರದ ಒಂದನ್ನು ಬರೆದಿದ್ದಾಳೆ. ಹಕ್ಕಿಯೋ, ಹೂವೋ, ಯಾರ ಮನೆಯ ಗೇಟೋ? ಕೊಟ್ರೇಶಾ, ನೀನಾದರೂ ಜೋರಾಗಿ ಹೇಳಬಾರದೇನಯ್ಯಾ, ಏನು ಹೊಲಿಯುತ್ತಿದ್ದೀಯ ಅಂತ?