ಸೋದರಮಾವನ ಬಾಸಿಂಗ

ನಾವು ಬೌದ್ಧರಾಗಿರುವುದು ಗಾದಿಲಿಂಗಪ್ಪನವರಿಗೆ ಇಷ್ಟೊಂದು ಉಪಯೋಗಕ್ಕೆ ಬರುತ್ತದೆ ಎಂದು ದೀಕ್ಷೆ ತೆಗೆದುಕೊಂಡಾಗ ನಮ್ಮಪ್ಪ ಅಂದುಕೊಂಡಿರಲಿಕ್ಕಿಲ್ಲ. ಅಪ್ಪ ಈಗ ಇಲ್ಲ. ಚಿತ್ತವಾಡ್ಗಿಯ ಮನೆಯಲ್ಲಿ ಅವ್ವ ಎರ್ರೆಮ್ಮ, ನಾನು, ಅಣ್ಣ ರಾಮಾಂಜಿನಿ. ಅಣ್ಣ ಯಶವಂತನಗರದ ಗಣಿ ಕಂಪನಿಯಲ್ಲಿ ಜಿಯಾಲಜಿಸ್ಟ್. ಗಾದಿಲಿಂಗಪ್ಪನವರದು ಮೊದಲು ಅಕ್ಕಿ ಗಿರಣಿ, ಈಗ ಅದಿರು ಲಾರಿಗಳು. ಅವರ ಮಗಳು ಐಶ್ವರ್ಯ ಅಣ್ಣನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಳು. ಅವರು ಒಪ್ಪಿದರು. ನೆಂಟರಿಗೆಲ್ಲ 'ಹುಡುಗ ಬೌದ್ಧರು' ಎಂದಷ್ಟೇ ಹೇಳಿದರು. ಯಾವ ಕೇರಿಯ ಬೌದ್ಧರು ಎಂದು ಕೇಳಲು ಯಾರಿಗೂ ಪುರುಸೊತ್ತು ಸಿಗಬಾರದೆಂದು ಮದುವೆಯನ್ನು ನಾಲ್ಕು ದಿನಕ್ಕೆ ಹಿಗ್ಗಿಸಿದರು.

ಹಂಪೇಶ್ ಎಂಬಾತ ಮದುವೆಯ ಗುತ್ತಿಗೆ ಹಿಡಿದಿದ್ದ. ಮೊದಲು ಹಂಪಿಯಲ್ಲಿ ಫಾರಿನ್ನವರಿಗೆ ಮಾಳಿಗೆಯ ಮೇಲೆ ಹೋಟೆಲ್ ನಡೆಸುತ್ತಿದ್ದವನು. ಹೊಸಪೇಟೆಯ ಬೀಗರ ಮನೆಯ ಸೋಫಾದಲ್ಲಿ ನಮ್ಮನ್ನು ಕೂರಿಸಿ ನುಣುಪು ಕಾಗದದ ಪುಸ್ತಕವೊಂದನ್ನು ಎಲ್ಲರ ಕೈಗೂ ಕೊಟ್ಟ. ಮುಖಪುಟದಲ್ಲಿ 'ಶೈವ–ಬೌದ್ಧ ಸಂಗಮ' ಎಂದಿತ್ತು. ಕೆಳಗೆ ಅಣ್ಣ, ಐಶ್ವರ್ಯರ ಫೋಟೊ.

"ಮೊದಲ್ನೇ ದಿನ ಮೆಹೆಂದಿ, ರಾಜಸ್ಥಾನಿ ಸ್ಟೈಲ್. ಎರಡ್ನೇ ದಿನ ಸಂಗೀತ, ಪಂಜಾಬಿ. ಈಜುಕೊಳದ ಸುತ್ತ ಬುದ್ಧನ ಮೂರ್ತಿ ಇಡ್ತೀವ್ರಿ, ಹನ್ನೆರಡು, ಥರ್ಮಾಕೋಲ್‌ದಾಗ."

"ಹನ್ನೆರಡು ಬುದ್ಧ ಯಾಕ್ರೀ?" ಎಂದೆ.

"ಅದಿರು ಕೊಳ್ಳಾಕ ಚೀನಾದವ್ರು ಬರ್ತಾರಲ್ಲವ್ವ," ಎಂದರು ಗಾದಿಲಿಂಗಪ್ಪ. "ಅವ್ರೂ ಬೌದ್ಧರು, ನೀವೂ ಬೌದ್ಧರು. ಭಾಳ ಖುಷಿ ಪಡ್ತಾರ."

ಅವ್ವ ಪುಸ್ತಕವನ್ನು ಉಲ್ಟಾ ಹಿಡಿದಿದ್ದಳು. "ಅರಿಶಿಣ ಯಾವಾಗ್ರೀ?" ಎಂದಳು.

"ಮೂರನೇ ದಿನ ರೀ ಅಮ್ಮಾರ. ಸಂಜೀಗೆ ಜಾನಪದ ಕಲೆ. ಕಂಪ್ಲಿಯಿಂದ ಉಚ್ಚೆಂಗೆಪ್ಪ ಅಂತ ಒಬ್ಬಾತನ ಹಲಗಿ ತಂಡ ಬುಕ್ ಮಾಡೀನಿ. ಮಸ್ತ್ ಬಾರಸ್ತಾನ. ಅವ್ರಿಗೆ ಪೇಟ, ನವಿಲುಗರಿ ಡ್ರೆಸ್ ಹೊಲಿಸೀನಿ."

ಅವ್ವನ ಕೈಯಲ್ಲಿದ್ದ ಪುಸ್ತಕ ಕೆಳಗಿಳಿಯಿತು. ಉಚ್ಚೆಂಗೆಪ್ಪ ಅವಳ ಒಡಹುಟ್ಟಿದ ಅಣ್ಣ. ಅಪ್ಪ ಸತ್ತ ಮೇಲೆ ಗದ್ದೆ ಕೂಲಿ ಮಾಡಿ ರಾಮಾಂಜಿನಿಯನ್ನು ಓದಿಸಿದವನು. ನಮ್ಮಲ್ಲಿ ಮದುಮಗನಿಗೆ ಬಾಸಿಂಗ ಕಟ್ಟುವವನು ಸೋದರಮಾವ. ಅವನು ಕಟ್ಟದೆ ತಾಳಿಗೆ ಕೈ ಹಾಕುವುದಿಲ್ಲ. ಹಂಪೇಶನಿಗೆ ಇದೇನೂ ಗೊತ್ತಿರಲಿಲ್ಲ. ಅಣ್ಣನಿಗೆ ಗೊತ್ತಿತ್ತು. ನಾನು ಅವನನ್ನೇ ನೋಡಿದೆ. ಅವನು ಪುಟ ತಿರುವಿದ. ಐಶ್ವರ್ಯ ಉಗುರು ನೋಡಿಕೊಂಡಳು.

"ನಾಲ್ಕನೇ ದಿನ ಲಗ್ನ," ಎಂದ ಅಣ್ಣ. "ಊಟದ ಲಿಸ್ಟ್ ತೋರಸ್ರಿ."

ಆಟೋದಲ್ಲಿ ಬರುವಾಗ ನಾನು ಬೈದೆ. "ಮಾವಗ ನವಿಲುಗರಿ ಹಚ್ಚಿ ಕುಣಸ್ತೀಯೇನಲೇ?"

"ಒಂದ್ ಸಂಜಿ ಬಾರಸ್ತಾನ, ಹೋಗ್ತಾನ. ನಿಂಗ್ಯಾಕ ಉರಿ? ಅವ್ರ ನೆಂಟರ ಮುಂದ ಹಲಗಿಯವ ನಮ್ಮ ಮಾವ ಅಂತ ಹೇಳ್ಲೇನು?"

"ಬಾಸಿಂಗ ಯಾರು ಕಟ್ತಾರ?"

"ನಮ್ಮ ಕಂಪನಿ ಮ್ಯಾನೇಜರ್ ಜಂಬಯ್ಯನವ್ರು ಒಪ್ಯಾರ."

ಅವ್ವ ಲಾರಿಗಳ ಕೆಂಪು ಧೂಳಿಗೆ ಸೆರಗು ಮೂಗಿಗೆ ಹಿಡಿದು ಕೂತಿದ್ದಳು. ಒಡಹುಟ್ಟಿದವನ ಮಾತು ನಡೆದರೂ ಹೊರಗೇ ನೋಡುತ್ತಿದ್ದಳು. ಅಣ್ಣನಿಗಿಂತ ಅವಳ ಮೇಲೆ ಹೇಸಿಗೆ ಬಂತು ನನಗೆ.

ಮರುದಿನವೇ ಕಂಪ್ಲಿಗೆ ಹೋದೆ. ಮಾವ ನನ್ನನ್ನು ನೋಡಿದವನೇ ನಕ್ಕ.

"ಬಾರವ್ವಿ ಸುಮಂಗ್ಲಾ! ಕೇಳಿದೇನು? ನಿಮ್ಮ ಬೀಗರು ನನಗ ಹೇಳಿ ಕಳಿಸ್ಯಾರ, ಹಲಗಿ ಬಾರ್ಸಾಕ. ಮಾವಗ ಎಂಥ ಮರ್ಯಾದಿ ನೋಡು!"

ಗೋಡೆಯ ಗೂಟದಿಂದ ಚೀಲ ಇಳಿಸಿ ಬಾಸಿಂಗ ತೋರಿಸಿದ. ಬೆಂಡಿನದು, ಬೇಗಡೆ ಹಚ್ಚಿದ್ದು. "ಮೂರನೇ ದಿನ ಬಾರಸ್ತೀನಿ, ನಾಲ್ಕನೇ ದಿನ ಕಟ್ತೀನಿ. ಎಲ್ಲೀ ಬಾಸಿಂಗಾನೂ ಬ್ಯಾಡ, ಇದ ಆಗ್ಬೇಕು ನಮ್ಮ ಹುಡುಗಗ."

ಹೇಳಬೇಕೆಂದೇ ಹೋದವಳು ಹೇಳಲಿಲ್ಲ. ಕೊಟ್ಟ ಚಾ ಕುಡಿದು ಬಸ್ಸು ಹತ್ತಿದೆ. ನಾನೂ ಅದೇ ಮನೆಯವಳು.

ಮದುವೆಗೆ ವಾರವಿದ್ದಾಗ ಹಂಪಿಯ ಹತ್ತಿರದ ರೆಸಾರ್ಟಿನಲ್ಲಿ ರಿಹರ್ಸಲ್ ಇಟ್ಟರು. ಮಧ್ಯಾಹ್ನದ ಬಿಸಿಲು. ಈಜುಕೊಳದ ದಂಡೆಗೆ ಥರ್ಮಾಕೋಲ್ ಬುದ್ಧರು ಬಂದಿದ್ದರು. ಒಬ್ಬನ ಕಿವಿ ಮುರಿದಿತ್ತು. ಹುಲ್ಲಿನ ಮೂಲೆಯಲ್ಲಿ ಮಾವ, ಅವನ ತಂಡದ ನಾಲ್ವರು, ಎಲ್ಲರ ತಲೆಗೂ ನವಿಲುಗರಿ. ಬೀಗರು ಕೊಟ್ಟ ರೇಷ್ಮೆ ಸೀರೆ ಉಟ್ಟು ಅವ್ವ ಮೊದಲ ಸಾಲಿನಲ್ಲಿ ಕೂತಿದ್ದಳು. ಮಾವ ಅವಳತ್ತ ಕೈಯೆತ್ತಿ ನಕ್ಕ. ಅವಳು ತಲೆ ತಗ್ಗಿಸಿದಳು.

ಹಂಪೇಶ್ ಮೈಕಿನಲ್ಲಿ ಕೂಗಿದ. "ಈಗ ನಾಲ್ಕನೇ ದಿನದ್ದು ನೋಡೂಣ್ರಿ. ವರನ ಸೋದರಮಾವ ಬರ್ರಿ, ಬಾಸಿಂಗ ಕಟ್ಟಾಕ."

ಜಂಬಯ್ಯ ಕುರ್ಚಿಯಿಂದ ಎದ್ದರು. ಚೀಲ ಹಿಡಿದು ಮಾವನೂ ಎದ್ದು ಬಂದ. ಇಬ್ಬರೂ ವೇದಿಕೆಯ ಮೆಟ್ಟಿಲ ಹತ್ತಿರ ಎದುರುಬದುರಾದರು.

"ಏ, ಕಲಾವಿದರು ಈಗಲ್ಲಪಾ!" ಎಂದ ಹಂಪೇಶ್.

"ಅವ್ನ ನಮ್ಮ ಸ್ವಾದರಮಾವ!" ನಾನು ಕೂಗಿಬಿಟ್ಟೆ. "ನಮ್ಮವ್ವನ ಅಣ್ಣ!"

ಗಾದಿಲಿಂಗಪ್ಪನವರ ಕಡೆಯ ಹೆಂಗಸರು ತಿರುಗಿ ನೋಡಿದರು. ಅಣ್ಣ ವೇದಿಕೆಯಿಂದ ಬಗ್ಗಿ ಮಾವನಿಗೆ ಹೇಳಿದ, ಮೆತ್ತಗೆ, ಭಾಳ ಮರ್ಯಾದೆಯಿಂದ: "ಅಣ್ಣಾರ, ನೀವು ಆಕಡೆ ಹೋಗಿ ಕುಂದ್ರಿ."

ಹುಟ್ಟಿದಾಗಿನಿಂದ 'ನೀ' ಎನ್ನುತ್ತಿದ್ದವನು.

ಗಾದಿಲಿಂಗಪ್ಪ ಎದ್ದು ಬಂದರು. "ಏನಪಾ, ಈ ಹುಡುಗಿ ಹೇಳೋದು ಖರೇನ?"

ಮಾವ ಅಣ್ಣನ ಮುಖ ನೋಡಿದ. ಆಮೇಲೆ ಅವ್ವನನ್ನು ನೋಡಿದ. ಅವ್ವ ತಲೆ ಎತ್ತಲಿಲ್ಲ.

"ಇಲ್ರೀ ಸಾವ್ಕಾರ," ಎಂದ. "ನನಗ ಅಕ್ಕತಂಗೇರು ಯಾರೂ ಇಲ್ಲ."

"ಚ್ಯಾಷ್ಟಿ ಮಾಡ್ತಾಳ್ರೀ ನಮ್ಮ ತಂಗಿ," ಎಂದ ಅಣ್ಣ. ಎಲ್ಲರೂ ನಕ್ಕರು. ಅವ್ವ ನೀರು ಕೇಳಿದಳು. ಯಾರೋ ಬಾಟಲಿ ತಂದುಕೊಟ್ಟರು. ಜಂಬಯ್ಯ ಪ್ಲಾಸ್ಟಿಕ್ ಮುತ್ತಿನ ಬಾಸಿಂಗವನ್ನು ಅಣ್ಣನ ಹಣೆಗೆ ಹಿಡಿದು ಫೋಟೊಗೆ ನಿಂತರು.

ನಾನು ಮೂಲೆಗೆ ಹೋದೆ. ಚರ್ಮ ಬಿಗಿಯಾಗಲೆಂದು ಬಾರಿಸುವ ಮೊದಲು ಹಲಗೆಯನ್ನು ಬೆಂಕಿಗೆ ಕಾಯಿಸುತ್ತಾರೆ. ಮಾವ ಅಲ್ಲಿ ಬಿದ್ದಿದ್ದ ಮದುವೆಯ ಪುಸ್ತಕಗಳನ್ನು ಹರಿದು ಗುಡ್ಡೆ ಮಾಡಿ ಕಡ್ಡಿ ಗೀರುತ್ತಿದ್ದ. ಕಾಗದ ನುಣುಪು, ಹತ್ತಲಿಲ್ಲ. ಅಣ್ಣ, ಐಶ್ವರ್ಯರ ಮುಖ ಅಂಚಿನಲ್ಲಿ ಸುರುಟಿ ಹೊಗೆಯಾಡಿತು, ಅಷ್ಟೇ.

"ಯಾಕ ಹಂಗಂದಿ ಮಾವ?"

"ನಿಮ್ಮವ್ವನ ಸೀರಿ ನೋಡಿದೇನವ್ವಿ?" ಎಂದ. "ಇಷ್ಟ್ ವರ್ಷದಾಗ ಅಂಥಾದ್ದು ಒಂದ್ ಉಟ್ಟಿಲ್ಲ."

ಚೀಲಕ್ಕೆ ಕೈ ಹಾಕಿ ಬೆಂಡಿನ ಬಾಸಿಂಗ ತೆಗೆದು ಕಾಗದದ ಕೆಳಗೆ ತುರುಕಿದ. ಬೆಂಡು ಭಗ್ಗನೆ ಹತ್ತಿಕೊಂಡಿತು. ಹಲಗೆಯನ್ನು ಉರಿಗೆ ಹಿಡಿದು ತಿರುಗಿಸಿ, ಬೆರಳಿನಿಂದ ಒಮ್ಮೆ ತಟ್ಟಿ ನೋಡಿದ.

"ಕಲಾವಿದರು ಬರ್ರಿ!" ಮೈಕು ಕೂಗಿತು.

ನವಿಲುಗರಿ ಸರಿಮಾಡಿಕೊಂಡು ಹೋದ.